ವಿದ್ಯೆಯ ಗಿರಣಿಯಲ್ಲಿ ಬದಲಿ ಕೈ

ಕಾಲೇಜುಗಳಲ್ಲಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ವ್ಯಾಪಾರ ಚುರುಕಾಗುತ್ತದೆ. ಪೇಟೆಯ ಧಾರಣೆ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ. ಯಾವ ಅಂಗಡಿಯ ಕೀರ್ದಿಯಲ್ಲಿಯೂ ಅದರ ಜಮಾಖರ್ಚು ಕಾಣುವದಿಲ್ಲ. ವಿದ್ಯಾರ್ಥಿಯು ತಾನೇ ಬರೆಯಬೇಕಾದ ಜರ್ನಲನ್ನು, ಅಸೈನ್‌ಮೆಂಟನ್ನು, ಪ್ರಾಜೆಕ್ಟ್ ವರದಿಯನ್ನು ಹಣ ಕೊಟ್ಟು ಬೇರೆಯವರಿಂದ ಬರೆಸಿಕೊಳ್ಳುವ ವ್ಯಾಪಾರವಿದು. ಬಿ.ಎಡ್. ಓದುವವನ ಪಾಠಟಿಪ್ಪಣಿಯಿಂದ ಹಿಡಿದು ಪಿಎಚ್.ಡಿ. ಮಾಡುವವನ ಮಹಾಪ್ರಬಂಧದವರೆಗೆ ಎಲ್ಲಕ್ಕೂ ಒಂದೊಂದು ದರವುಂಟು. ಪುಟಕ್ಕಿಷ್ಟು, ಚಿತ್ರಕ್ಕಿಷ್ಟು, ಬೈಂಡಿಂಗಿಗೆ ಬೇರೆ. ನಾಳೆಯೇ ಬೇಕೆಂದರೆ ದರ ಏರುತ್ತದೆ. ಸರಕು ಕೈಗೆ ಬಂದ ಮೇಲೆ ಗಿರಾಕಿಯು ಮೇಲಿನ ಹಾಳೆಯಲ್ಲಿ ತನ್ನ ಹೆಸರು ಬರೆಯುತ್ತಾನೆ. ಒಳಗಿನ ಹಾಳೆಗಳಲ್ಲಿ ಏನಿದೆಯೆಂದು ಎಷ್ಟೋ ಸಲ ಓದಿಯೂ ನೋಡುವದಿಲ್ಲ.

ನಮ್ಮದು ವಿದ್ಯೆಯ ಊರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮೊದಲು ಈ ಭಾಗದ ಹುಡುಗನು ಪದವಿ ಓದಬೇಕೆಂದರೆ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಲ್ಲಿ ಕಣ್ಣು ತೆರೆಯಿತು. ಮುಂದೆ ಧಾರವಾಡಕ್ಕೆ ಬಂದು ನೆಲೆ ನಿಂತಿತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು, 1957ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದವು. 1986ರಲ್ಲಿ ಧಾರವಾಡಕ್ಕೆ ಕೃಷಿ ವಿಶ್ವವಿದ್ಯಾಲಯ, 2009ರಲ್ಲಿ ಹುಬ್ಬಳ್ಳಿಗೆ ರಾಜ್ಯ ಕಾನೂನು ವಿಶ್ವವಿದ್ಯಾಲಯ, 2016ರಲ್ಲಿ ಧಾರವಾಡಕ್ಕೆ ಐಐಟಿ ಬಂದವು. ಇಷ್ಟು ವಿದ್ಯಾರ್ಥಿಗಳು ಇರುವಲ್ಲಿ ಈ ವ್ಯಾಪಾರ ಮಾತ್ರ ಇಲ್ಲವೆಂದು ನಂಬುವಷ್ಟು ಮುಗ್ಧರು ನಾವಲ್ಲ. ನಮ್ಮ ಓದುಗರೂ ಅಲ್ಲ. ಇದು ಒಂದು ಊರಿನ ಕಥೆಯಲ್ಲ, ಕಾಲೇಜು ಇರುವ ಎಲ್ಲ ಊರುಗಳ ಕಥೆ.

"ಅದು ಓದಿದವರ ಗೊಡವೆ, ಗಿರಣಿಯಲ್ಲಿ ದುಡಿಯುವವನಿಗೂ ಪೇಟೆಯಲ್ಲಿ ತಕ್ಕಡಿ ಹಿಡಿದವನಿಗೂ ಅದರಿಂದೇನು?" ಎಂದು ಕೇಳುವವರು ಇರಬಹುದು. ಅವರಿಗೆ ನಮ್ಮ ಉತ್ತರ ಇಷ್ಟೇ: ಈ ವ್ಯಾಪಾರದಲ್ಲಿ ಕೊಳ್ಳುವವನಿಗೆ ಹೋಗುವ ದುಡ್ಡು ಬಹಳ ಸಲ ನಿಮ್ಮ ಪಗಾರದ ದುಡ್ಡು. ಮಾರುವ ಅಂಗಡಿ ಕೆಲವು ಸಲ ನಿಮ್ಮ ನೆರೆಯ ಅಂಗಡಿ. ಕೊನೆಗೆ ನಷ್ಟವಾಗುವದು ನಿಮ್ಮ ಮಗನಿಗೆ, ನಿಮ್ಮ ಮಗಳಿಗೆ. ಆದುದರಿಂದ ಈ ಮಾತನ್ನು ಕಾಲೇಜಿನ ಗೋಡೆಗಳ ಒಳಗೆ ಬಿಟ್ಟುಬಿಡುವದು ಸರಿಯಲ್ಲ.

ಬದಲಿ ಕಾಮಗಾರನಿಗೂ ಇವನಿಗೂ ವ್ಯತ್ಯಾಸ

ಹತ್ತಿ ಗಿರಣಿಯ ಕೆಲಸ ಕಂಡವರಿಗೆ "ಬದಲಿ" ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ಕಾಯಂ ಕಾಮಗಾರನು ಬೇನೆ ಬಿದ್ದರೆ, ಊರಿಗೆ ಹೋದರೆ, ಅವನ ಸಾಂಚೆಯ ಮುಂದೆ ಬದಲಿ ಕಾಮಗಾರ ನಿಲ್ಲುತ್ತಿದ್ದ. ಆದರೆ ಅವನ ಹೆಸರು ಮಸ್ಟರಿನಲ್ಲಿ ಅವನದಾಗಿಯೇ ಇರುತ್ತಿತ್ತು. ಆ ದಿನದ ಕೂಲಿಯೂ ಅವನದೇ. ಬದಲಿಯವನಿಗೂ ಹಕ್ಕು ಬೇಕೆಂದು ಕಾಮಗಾರರು ಹೋರಾಡಿದ್ದರಿಂದಲೇ, 1947ರ ಕೈಗಾರಿಕಾ ವಿವಾದಗಳ ಕಾಯದೆಗೆ 1953ರಲ್ಲಿ ಸೇರಿದ ಕಲಮಿನಲ್ಲಿ ಅವನ ಹೆಸರು ಬಂದಿತು. ಒಂದು ವರ್ಷ ಎಡೆಬಿಡದೆ ದುಡಿದವನನ್ನು ಲೇ-ಆಫ್ ಪರಿಹಾರದ ಮಟ್ಟಿಗೆ ಬದಲಿ ಎಂದು ತಳ್ಳಿಹಾಕಕೂಡದೆಂದು ಅಲ್ಲಿ ಬರೆಯಲಾಯಿತು. ದುಡಿದವನ ಹೆಸರಿನಲ್ಲಿಯೇ ದುಡಿಮೆ ಜಮೆಯಾಗಬೇಕು ಎಂಬದು ಅದರ ತಿರುಳು.

ಈಗ ಕಾಲೇಜಿನ ಬದಲಿಯನ್ನು ನೋಡಿರಿ. ಇಲ್ಲಿ ದುಡಿದವನ ಹೆಸರು ಎಲ್ಲಿಯೂ ಇಲ್ಲ. ದುಡಿಯದವನ ಹೆಸರೇ ಮಸ್ಟರಿನಲ್ಲಿ. ಮಾರ್ಕು, ಪದವಿ, ಮುಂದಿನ ನೌಕರಿ ಎಲ್ಲವೂ ಅವನ ಖಾತೆಗೆ. ಬರೆದವನಿಗೆ ಸಿಕ್ಕುವದು ಒಂದು ರಾತ್ರಿಯ ಕೂಲಿ ಮಾತ್ರ. ದುಡಿಮೆ ಒಬ್ಬನದು, ಫಲ ಇನ್ನೊಬ್ಬನದು ಎಂಬ ಅನ್ಯಾಯವನ್ನು ಕಾರಖಾನೆಯಲ್ಲಿ ಕಂಡು ಸಿಟ್ಟಿಗೇಳುವ ನಾವು, ಅದೇ ಅನ್ಯಾಯವು ಪುಸ್ತಕ ಹಿಡಿದುಕೊಂಡು ಬಂದರೆ ದಾರಿ ಬಿಟ್ಟು ನಿಲ್ಲಬೇಕೇ?

ಇನ್ನೊಂದು ವ್ಯತ್ಯಾಸವೂ ಉಂಟು. ಗಿರಣಿಯಲ್ಲಿ ಯಾರು ನೇಯ್ದರೂ ಬಟ್ಟೆ ಬಟ್ಟೆಯೇ. ಕಾಲೇಜಿನಲ್ಲಿ ತಯಾರಾಗಬೇಕಾದ ಸರಕು ಹಾಳೆಯಲ್ಲ. ಬರೆಯುತ್ತ ಬರೆಯುತ್ತ ಹುಡುಗನಲ್ಲಿ ಬೆಳೆಯುವ ಬುದ್ಧಿಯೇ ಆ ಸರಕು. ಬೇರೆಯವನು ವ್ಯಾಯಾಮ ಮಾಡಿದರೆ ನಮ್ಮ ತೋಳು ದಪ್ಪವಾಗುವದಿಲ್ಲ. ಬೇರೆಯವನು ಬರೆದರೆ ನಮ್ಮ ತಲೆಯೂ ಬೆಳೆಯುವದಿಲ್ಲ.

ವ್ಯಾಪಾರ ಬೆಳೆದ ಬಗೆ

ಮೊದಲು ಎಲ್ಲ ಮಾರ್ಕುಗಳೂ ವರ್ಷದ ಕೊನೆಯ ಮೂರು ತಾಸಿನ ಪರೀಕ್ಷೆಗೇ ಇರುತ್ತಿದ್ದವು. ಆ ದಿನ ಜ್ವರ ಬಂದರೆ ವರ್ಷವೇ ಹಾಳು. ಆದುದರಿಂದ ವರ್ಷವಿಡೀ ಮಾಡಿದ ಕೆಲಸಕ್ಕೂ ಮಾರ್ಕು ಇರಲಿ ಎಂದು ಒಳ ಮೌಲ್ಯಮಾಪನ ಬಂದಿತು. ಉದ್ದೇಶ ಒಳ್ಳೆಯದೇ. ಎಸ್.ಎಸ್.ಎಲ್.ಸಿ.ಯಲ್ಲಿ ನೂರು ಮಾರ್ಕಿನ ವಿಷಯಕ್ಕೆ 20 ಮಾರ್ಕು ಶಾಲೆಯ ಕೈಯಲ್ಲಿವೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಯೋಜನೆಯಲ್ಲಿ ನೂರಕ್ಕೆ 40 ಮಾರ್ಕುಗಳನ್ನು ಕಾಲೇಜಿಗೆ ಕೊಟ್ಟಿತು. 2021ರ ಯೋಜನೆಯಲ್ಲಿ ಅವು 50 ಆದವು. ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗಲೂ ನೂರರಲ್ಲಿ 40 ಮಾರ್ಕು ಒಳಗಿನವಾದವು. ಆ ಪದ್ಧತಿಯನ್ನು ಸರಕಾರವು 2024ರಲ್ಲಿ ಕೈಬಿಟ್ಟಿತು.

ಮಾಸ್ತರನು ಹುಡುಗನನ್ನು ಬಲ್ಲವನಾಗಿದ್ದರೆ ಈ ಮಾರ್ಕುಗಳು ನ್ಯಾಯದ ಮಾರ್ಕುಗಳು. ಇವನು ತಡವರಿಸುತ್ತಾನೆ ಆದರೆ ತಿಳಿದವನು. ಅವನು ಚಂದ ಬರೆಯುತ್ತಾನೆ ಆದರೆ ಬಾಯಿಪಾಠದವನು ಎಂಬದು ಅವನಿಗೆ ಗೊತ್ತಿರುತ್ತದೆ. ಆದರೆ ಒಬ್ಬ ಮಾಸ್ತರನ ಮುಂದೆ ನೂರಾರು ಹುಡುಗರನ್ನು ಕೂರಿಸಿ, ಮೇಜಿನ ಮೇಲೆ ನೂರಾರು ಅಸೈನ್‌ಮೆಂಟುಗಳನ್ನು ಪೇರಿಸಿದರೆ ಅವನು ಏನು ಮಾಡಬೇಕು? ಹಾಳೆಯ ದಪ್ಪ ನೋಡುತ್ತಾನೆ, ಸಹಿ ಮಾಡುತ್ತಾನೆ. ಯಾರೂ ಓದದ ಬರವಣಿಗೆಯನ್ನು ತಾನೇ ಏಕೆ ಬರೆಯಬೇಕೆಂದು ಹುಡುಗನಿಗೆ ಅನಿಸುತ್ತದೆ. ಆ ಕ್ಷಣದಲ್ಲಿ ದಲಾಲನು ಬಾಗಿಲು ತಟ್ಟುತ್ತಾನೆ.

ಕೊಳ್ಳುವವರೆಲ್ಲರೂ ಸೋಮಾರಿಗಳೂ ಶ್ರೀಮಂತರ ಮಕ್ಕಳೂ ಅಲ್ಲ. ಹಗಲು ಕಾಲೇಜು, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುವ ಹುಡುಗನಿದ್ದಾನೆ. ನವಲಗುಂದ, ಕಲಘಟಗಿಗಳ ಕನ್ನಡ ಶಾಲೆಯಲ್ಲಿ ಕಲಿತು ಬಂದು ಇಂಗ್ಲಿಷಿನಲ್ಲಿ ಐವತ್ತು ಪುಟ ಬರೆಯಬೇಕಾಗಿ ಬಂದಾಗ ಕೈ ನಡುಗುವ ಹುಡುಗಿಯಿದ್ದಾಳೆ. ಅವಳಿಗೆ ವಿಷಯ ಗೊತ್ತು, ಭಾಷೆಯ ಭಯ. ಅವಳಿಗೆ ಕಾಲೇಜಿನಲ್ಲಿ ಕೈಹಿಡಿದು ತಿದ್ದುವವರು ಸಿಕ್ಕಲಿಲ್ಲ; ಹೊರಗೆ ಹಣ ತೆಗೆದುಕೊಂಡು ಬರೆದುಕೊಡುವವರು ಸಿಕ್ಕರು. ಈ ಇಬ್ಬರ ಕಷ್ಟ ನಿಜ. ಆದರೆ ಕೊಂಡ ವರದಿಯಿಂದ ಆ ಕಷ್ಟ ಪರಿಹಾರವಾಗುವದಿಲ್ಲ. ಇಂಗ್ಲಿಷಿನ ಭಯ ಮುಂದಿನ ಸೆಮಿಸ್ಟರಿಗೂ ಹಾಗೆಯೇ ಉಳಿಯುತ್ತದೆ. ಖರ್ಚು ಮಾತ್ರ ಹೊಸದಾಗಿ ಬರುತ್ತದೆ.

ಬರೆಯುವವರು ಯಾರು? ಅವರೂ ನಮ್ಮವರೇ. ಎಂ.ಎ., ಎಂ.ಎಸ್‌ಸಿ., ಇಂಜಿನಿಯರಿಂಗ್ ಮುಗಿಸಿ ನೌಕರಿ ಸಿಕ್ಕದೆ ಕುಳಿತವರು. ಈ ಮಾತು ಊರಿನಿಂದ ಲೋಕದವರೆಗೆ ಒಂದೇ. ಇಂಗ್ಲೆಂಡು, ಅಮೆರಿಕಾಗಳ ವಿದ್ಯಾರ್ಥಿಗಳ ಪ್ರಬಂಧಗಳನ್ನು ಆಫ್ರಿಕಾದ ಕೆನ್ಯಾ ದೇಶದ ಪದವೀಧರರೂ ನಮ್ಮ ದೇಶದ ಪದವೀಧರರೂ ರಾತ್ರಿ ಕುಳಿತು ಬರೆದುಕೊಟ್ಟಿದ್ದಾರೆ. ದೊಡ್ಡ ಮೊತ್ತ ನಡುವಿನ ಕಂಪನಿಗೆ, ಸಣ್ಣ ಮೊತ್ತ ಬರೆದವನಿಗೆ. ತನ್ನ ದೇಶದಲ್ಲಿ ತನ್ನ ಹೆಸರಿನಲ್ಲಿ ಕೆಲಸ ಸಿಕ್ಕದ ಪದವೀಧರನು ಬೇರೆಯವನ ಹೆಸರಿನಲ್ಲಿ ಬರೆದು ಹೊಟ್ಟೆ ಹೊರೆಯಬೇಕಾಯಿತು. ನಿರುದ್ಯೋಗವೇ ಈ ವ್ಯಾಪಾರದ ಹತ್ತಿ. ದಲಾಲನು ಅದನ್ನು ನೂಲುತ್ತಾನೆ.

ಯಂತ್ರವು ಹಿಡಿಯಲಾರದ ಕಳ್ಳ

"ಕಾನೂನು ಇಲ್ಲವೇ? ಯಂತ್ರ ಇಲ್ಲವೇ?" ಎನ್ನುವವರಿದ್ದಾರೆ. ಎರಡೂ ಇವೆ. ಎರಡರ ಸಂದಿನಲ್ಲಿಯೂ ಕಳ್ಳ ನುಸುಳುತ್ತಾನೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಗಳನ್ನು ಹೊರಡಿಸಿತು. ಮಹಾಪ್ರಬಂಧದಲ್ಲಿ ನೂರಕ್ಕೆ ಹತ್ತರವರೆಗೆ ಹೋಲಿಕೆ ಕಂಡರೆ ಶಿಕ್ಷೆಯಿಲ್ಲ. ಹತ್ತರಿಂದ ನಲವತ್ತರವರೆಗೆ ಕಂಡರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ನಲವತ್ತರಿಂದ ಅರವತ್ತರವರೆಗೆ ಒಂದು ವರ್ಷ ಮರಳಿ ಸಲ್ಲಿಸುವಂತಿಲ್ಲ. ಅರವತ್ತು ದಾಟಿದರೆ ನೋಂದಣಿಯೇ ರದ್ದು. ಓದಲು ಕಟ್ಟುನಿಟ್ಟಾಗಿಯೇ ಇದೆ. ಆದರೆ ಅದೇ ನಿಯಮಗಳಲ್ಲಿ, ಯಾವ ಬರವಣಿಗೆಗೆ ಇವು ಅನ್ವಯಿಸುತ್ತವೆಂದು ಹೇಳುವ ಜಾಗದಲ್ಲಿ, ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ತರಗತಿಯ ಪ್ರಬಂಧ, ಉತ್ತರ ಪತ್ರಿಕೆಗಳನ್ನು ಹೊರಗಿಡಲಾಗಿದೆ. ಎಂದರೆ ಲಕ್ಷಾಂತರ ವಿದ್ಯಾರ್ಥಿಗಳು ದಿನವೂ ಬರೆಯುವ ಬರವಣಿಗೆಗೇ ಬೇಲಿಯಿಲ್ಲ. ಕೋಟೆಯ ಬಾಗಿಲಿಗೆ ಅಗಳಿ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಯಿತು.

ಯಂತ್ರದ ಮಾತು ಇನ್ನೂ ವಿಚಿತ್ರ. 2019ರಿಂದ "ಶೋಧಶುದ್ಧಿ" ಎಂಬ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಹುಡುಕುವ ತಂತ್ರಾಂಶವನ್ನು ಕೇಂದ್ರ ಸರಕಾರ ಒದಗಿಸಿತು. ಆ ಯಂತ್ರ ಮಾಡುವದಿಷ್ಟೇ: ಕೊಟ್ಟ ಬರಹವನ್ನು ಮೊದಲೇ ಇರುವ ಬರಹಗಳ ಜೊತೆ ಇಟ್ಟು ನೋಡಿ, ಸಾಲುಗಳು ಕೂಡಿದರೆ ಹೇಳುತ್ತದೆ. ಹಣ ಪಡೆದವನು ಹೊಸದಾಗಿ ಕುಳಿತು ಬರೆದುಕೊಟ್ಟರೆ ಅದು ಯಾವುದರ ಜೊತೆಗೂ ಕೂಡುವದಿಲ್ಲ. ಯಂತ್ರವು "ಶುದ್ಧ" ಎಂದು ಪ್ರಮಾಣಪತ್ರ ಕೊಡುತ್ತದೆ! ನಕಲು ಮಾಡಿದ ಬಡ ಹುಡುಗ ಸಿಕ್ಕಿಬೀಳುತ್ತಾನೆ. ಹೊಸ ಮಾಲಿಗೆ ಹೆಚ್ಚು ದುಡ್ಡು ಕೊಟ್ಟವನು ಪಾರಾಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬರೆಯುವ ಯಂತ್ರವೇ ಮನೆಮನೆಗೆ ಬಂದಂತಾಯಿತು. ಕಿಸೆಯ ಫೋನಿನಲ್ಲಿ ಬಿಟ್ಟಿಯಾಗಿ ಬರೆಸಿಕೊಳ್ಳಬಹುದಾದಾಗ ದಲಾಲನಿಗೆ ದುಡ್ಡು ಏಕೆ? ಹಾಗೆಂದು ವ್ಯಾಪಾರ ನಿಂತಿಲ್ಲ. ಯಂತ್ರ ಬರೆದುದನ್ನು ಮನುಷ್ಯ ಬರೆದಂತೆ ತಿದ್ದಿಕೊಡುವ ಹೊಸ ಕಸಬು ಹುಟ್ಟಿದೆ. ಯಂತ್ರದ ಬರಹವನ್ನು ಹಿಡಿಯುವ ಯಂತ್ರವನ್ನೂ ಮಾಡಿದರು. ಆದರೆ ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ತಾನು ಹೊರತಂದ ಅಂಥ ಪರೀಕ್ಷಾ ಸಾಧನವನ್ನು, ಅದರ ನಿರ್ಣಯ ನಂಬುವಷ್ಟು ನಿಖರವಾಗಿಲ್ಲವೆಂದು, 2023ರ ಜುಲೈದಲ್ಲಿ ಹಿಂದೆಗೆದುಕೊಂಡಿತು. ಇಂಥ ಯಂತ್ರದ ಮಾತು ಕೇಳಿ ಹುಡುಗನ ಭವಿಷ್ಯಕ್ಕೆ ಬರೆ ಹಾಕುವದು ನ್ಯಾಯವಲ್ಲ.

ಬೇರೆ ದೇಶಗಳು ಮಾರುವವನ ಕಡೆ ಕೈ ಚಾಚಿವೆ. ನ್ಯೂಜಿಲೆಂಡ್ 2011ರಲ್ಲಿ, ಐರ್ಲೆಂಡ್ 2019ರಲ್ಲಿ, ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಇಂಥ ಬರವಣಿಗೆಯನ್ನು ಮಾರುವದನ್ನೂ ಅದರ ಜಾಹೀರಾತನ್ನೂ ಅಪರಾಧ ಮಾಡಿದವು. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಪತ್ರಿಕೆಯೊಂದು ಒಂದೇ ಕಂಪನಿಯಿಂದ 16 ವಿಶ್ವವಿದ್ಯಾಲಯಗಳ ಸುಮಾರು ಸಾವಿರ ವಿದ್ಯಾರ್ಥಿಗಳು ಪ್ರಬಂಧ ಕೊಂಡದ್ದನ್ನು ಬಯಲಿಗೆಳೆಯಿತು. ಆ ಬಳಿಕ ಎದ್ದ ಕೂಗೇ ಆರು ವರ್ಷಗಳ ಮೇಲೆ ಅಲ್ಲಿ ಕಾಯದೆಯಾಯಿತು. ಮಾರಿದವನಿಗೆ ಎರಡು ವರ್ಷದವರೆಗೆ ಸೆರೆವಾಸವನ್ನು ಅದರಲ್ಲಿ ಗೊತ್ತುಮಾಡಿದರು.

ನಮ್ಮಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣದಿಂದ 2022ರಲ್ಲಿ ರದ್ದು ಮಾಡಬೇಕಾಯಿತು. ಬಳಿಕ ರಾಜ್ಯ ಸರಕಾರ 2023ರಲ್ಲಿ, ಕೇಂದ್ರ ಸರಕಾರ 2024ರಲ್ಲಿ ಪರೀಕ್ಷಾ ಅಕ್ರಮದ ವಿರುದ್ಧ ಕಾಯದೆ ತಂದವು. ಅವು ನೇಮಕಾತಿ ಮತ್ತು ದೊಡ್ಡ ಸಾರ್ವಜನಿಕ ಪರೀಕ್ಷೆಗಳನ್ನು ಕಾಯುವ ಕಾಯದೆಗಳು. ಜರ್ನಲು, ಪ್ರಾಜೆಕ್ಟುಗಳ ಪೇಟೆಯನ್ನು ಅವು ಮುಟ್ಟಿಲ್ಲ. ಎರಡನೆಯ ವರ್ಷದಲ್ಲಿ ಪ್ರಾಜೆಕ್ಟ್ ಕೊಳ್ಳುವದು ಸಹಜವೆಂದು ಕಲಿತವನಿಗೆ ಮುಂದೆ ಹುದ್ದೆ ಕೊಳ್ಳುವದೂ ಸಹಜವೆಂದೇ ಕಾಣುವದು. ಬೇರಿಗೆ ನೀರು ಹಾಕುತ್ತ ಕೊಂಬೆ ಕಡಿದರೆ ಏನು ಬಂತು?

ಹಿಡಿಯುವದು ಹೇಗೆ?

ಯಂತ್ರ ಹಿಡಿಯಲಾರದುದನ್ನು ಮಾಸ್ತರನು ಹಿಡಿಯಬಲ್ಲ. ಅದಕ್ಕೆ ದೊಡ್ಡ ವಿದ್ಯೆ ಬೇಡ. ಹತ್ತು ನಿಮಿಷ ಎದುರಿಗೆ ಕೂಡಿಸಿಕೊಂಡು ಕೇಳಿದರೆ ಸಾಕು: "ಈ ಪುಟದಲ್ಲಿ ಹೀಗೆ ಬರೆದಿದ್ದೀಯಲ್ಲಪ್ಪಾ, ಏಕೆ? ಈ ಅಂಕಿ ಎಲ್ಲಿಂದ ಬಂತು? ಈ ಪ್ರಯೋಗ ಮಾಡುವಾಗ ಮೊದಲ ಸಲ ಏನು ತಪ್ಪಿತು?" ತಾನೇ ಮಾಡಿದವನು ತಡವರಿಸಿಯಾದರೂ ಹೇಳುತ್ತಾನೆ, ತಪ್ಪಿದ್ದನ್ನಂತೂ ಮರೆತಿರುವದಿಲ್ಲ. ಕೊಂಡವನಿಗೆ ತಪ್ಪಿನ ನೆನಪೇ ಇರುವದಿಲ್ಲ, ಏಕೆಂದರೆ ಅವನು ತಪ್ಪಿಯೂ ಇಲ್ಲ, ಮಾಡಿಯೂ ಇಲ್ಲ. ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಬೇಕು. ಉತ್ತರಕ್ಕೆ ಕನ್ನಡದಲ್ಲಿಯೇ ಅವಕಾಶ ಬೇಕು. ಪರೀಕ್ಷೆ ವಿಷಯದ್ದೇ ಹೊರತು ಇಂಗ್ಲಿಷಿನದಲ್ಲ.

ಬೇರೆ ಗುರುತುಗಳೂ ಉಂಟು. ಮೂವರ ಜರ್ನಲಿನಲ್ಲಿ ಒಂದೇ ಕೈಯ ಅಕ್ಷರ. ತರಗತಿಯಲ್ಲಿ ನಾಲ್ಕು ಸಾಲು ಬರೆಯಲಾರದವನ ವರದಿಯಲ್ಲಿ ನಲವತ್ತು ಪುಟಗಳ ನಿರರ್ಗಳ ಭಾಷೆ. ಹುಬ್ಬಳ್ಳಿಯ ವಿದ್ಯಾರ್ಥಿಯ ವರದಿಯ ನಡುವೆ ಬೇರೆ ಊರಿನ ಕಾಲೇಜಿನ ಹೆಸರು ಅಳಿಸದೆ ಉಳಿದಿರುವದು. ಲೋಕದಲ್ಲಿ ಇಲ್ಲದ ಪುಸ್ತಕಗಳ ಪಟ್ಟಿ. ಕಂಪ್ಯೂಟರಿನ ಕಡತದೊಳಗೆ ಅದನ್ನು ತಯಾರಿಸಿದವನ ಬೇರೆಯೇ ಹೆಸರು. ಇವುಗಳಲ್ಲಿ ಒಂದು ಕಂಡರೆ ಸಂಶಯಪಡಬೇಕು. ಆದರೆ ಸಂಶಯ ಬೇರೆ, ರುಜುವಾತು ಬೇರೆ. ಹಳ್ಳಿಯಿಂದ ಬಂದ ಹುಡುಗಿ ಚಂದ ಬರೆದಳೆಂದ ಮಾತ್ರಕ್ಕೆ "ಇದು ನಿನ್ನದಿರಲಾರದು" ಎನ್ನುವ ಮಾಸ್ತರನು ಮಹಾ ಪಾತಕ ಮಾಡುತ್ತಾನೆ. ಗಿರಣಿಯಲ್ಲಿ ಕಾಮಗಾರನ ಮೇಲೆ ಆರೋಪ ಬಂದರೆ ಚೌಕಶಿ ಇಲ್ಲದೆ ಶಿಕ್ಷೆ ಕೂಡದು ಎನ್ನುತ್ತೇವೆ. ವಿದ್ಯಾರ್ಥಿಗೂ ಅದೇ ಹಕ್ಕು ಇರಬೇಕು: ಆರೋಪ ಬರವಣಿಗೆಯಲ್ಲಿರಲಿ, ಅವನ ಮಾತು ಕೇಳಲಿ, ಅವನ ಕಡೆಯವರೊಬ್ಬರು ಜೊತೆಗೆ ಕೂಡಲಿ. ಮೊದಲನೆಯ ಸಲವಾದರೆ ಅದೇ ಕೆಲಸವನ್ನು ಮಾಸ್ತರನ ಕಣ್ಣೆದುರು ತಾನೇ ಮಾಡುವಂತೆ ಹೇಳಲಿ. ಅದೇ ಶಿಕ್ಷೆ, ಅದೇ ಶಿಕ್ಷಣ.

ತಡೆಯುವದು ಹೇಗೆ?

ಹಿಡಿಯುವದಕ್ಕಿಂತ ತಡೆಯುವದು ಮೇಲು. ಕೊನೆಯ ದಿನ ಒಂದೇ ಸಲ ದಪ್ಪ ವರದಿ ಕೇಳುವ ಬದಲು ತಿಂಗಳಿಗೊಂದು ಹಾಳೆ ಕೇಳಲಿ. ಕಚ್ಚಾ ಪ್ರತಿಯನ್ನೂ ತೋರಿಸಲಿ. ಕೆಲವು ಬರವಣಿಗೆ ತರಗತಿಯಲ್ಲಿಯೇ ಆಗಲಿ. ಎಲ್ಲರಿಗೂ ಒಂದೇ ವಿಷಯ, ಪ್ರತಿವರ್ಷ ಅದೇ ವಿಷಯ ಎಂಬ ಪದ್ಧತಿ ಹೋಗಲಿ. ಹತ್ತು ವರ್ಷ ಬದಲಾಗದ ಪ್ರಶ್ನೆಗೆ ಪೇಟೆಯಲ್ಲಿ ಸಿದ್ಧ ಉತ್ತರ ಸಿಕ್ಕುವದರಲ್ಲಿ ಆಶ್ಚರ್ಯವೇನಿದೆ?

ನಮ್ಮ ಊರಿನಲ್ಲಿ ವಿಷಯಗಳಿಗೆ ಬರವೇ? ಅಮರಗೋಳದ ಕೃಷಿ ಮಾರುಕಟ್ಟೆಗೆ ಬಂದ ರೈತನ ಕೈಗೆ ಒಂದು ಚೀಲಕ್ಕೆ ಎಷ್ಟು ಉಳಿಯಿತೆಂದು ವಾಣಿಜ್ಯದ ವಿದ್ಯಾರ್ಥಿ ಲೆಕ್ಕ ಹಾಕಲಿ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವ ಹೆಣ್ಣುಮಕ್ಕಳ ದುಡಿಮೆಯನ್ನು ಸಮಾಜಶಾಸ್ತ್ರದವಳು ಕೇಳಿ ಬರೆಯಲಿ. ನವಲಗುಂದದ ಜಮಖಾನೆ ನೇಯುವ ಮನೆಗಳನ್ನು, ರೈಲ್ವೆ ವರ್ಕ್‌ಶಾಪಿನ ಕಸಬನ್ನು, ಉಣಕಲ್ ಕೆರೆಯ ನೀರನ್ನು ಒಬ್ಬೊಬ್ಬರು ಹಿಡಿಯಲಿ. ಆಯಾ ವರ್ಷ ಆಯಾ ಓಣಿಯಲ್ಲಿ ತಿರುಗಿ ಕೇಳಿ ಬರೆಯಬೇಕಾದುದನ್ನು ಬೆಂಗಳೂರಿನ ದಲಾಲನೂ ಬರೆಯಲಾರ, ಫೋನಿನೊಳಗಿನ ಯಂತ್ರವೂ ಬರೆಯಲಾರದು. ಹುಡುಗರು ನಿಮ್ಮ ಅಂಗಡಿಗೆ, ನಿಮ್ಮ ಚಾಳಿಗೆ ಪ್ರಶ್ನೆ ಹಿಡಿದುಕೊಂಡು ಬಂದರೆ ಓದುಗರೇ, ಬೇಸರಪಡಬೇಡಿರಿ, ಕುಳ್ಳಿರಿಸಿ ಹೇಳಿರಿ. ಅವರ ಪುಸ್ತಕದಲ್ಲಿ ಇಲ್ಲದ ಪಾಠ ನಿಮ್ಮ ಬಳಿಯಿದೆ.

ಆದರೆ ಇದೆಲ್ಲಕ್ಕೂ ಮಾಸ್ತರ ಬೇಕು; ಹೊತ್ತಿರುವ ಮಾಸ್ತರ ಬೇಕು. ನಮ್ಮ ರಾಜ್ಯದ ಸರಕಾರಿ ಪದವಿ ಕಾಲೇಜುಗಳನ್ನು ಹತ್ತು ಸಾವಿರಕ್ಕೂ ಮಿಕ್ಕಿದ ಅತಿಥಿ ಉಪನ್ಯಾಸಕರು ಎಳೆದುಕೊಂಡು ಬಂದಿದ್ದಾರೆ. ಅವರಿಗೆ 2022ರ ಜನವರಿಯವರೆಗೆ ತಿಂಗಳಿಗೆ 11,000ದಿಂದ 13,000 ರೂಪಾಯಿ ಸಿಕ್ಕುತ್ತಿತ್ತು. ಹೋರಾಟದ ನಂತರ ಹೆಚ್ಚೆಂದರೆ 32,000ದವರೆಗೆ ಏರಿಸಿದರು. ಅದರ ಜೊತೆಗೆ ವಾರದ ಪಾಠದ ತಾಸುಗಳನ್ನು ಹೆಚ್ಚಿಸಿದ್ದರಿಂದ ಹಲವರು ಕೆಲಸವನ್ನೇ ಕಳೆದುಕೊಂಡರು. ಕೆಲಸ ಕಾಯಂ ಮಾಡಿರೆಂದು 2023ರ ಕೊನೆಯಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂಬ ಮಾಸ್ತರನಿಗೆ ನೂರು ಹುಡುಗರ ಮುಖ ಗುರುತಿಡಿರೆಂದು ಹೇಳುವದು ಯಾವ ನ್ಯಾಯ? ನೋಡಿರಿ, ಇಲ್ಲಿಯೂ ಬದಲಿ ಕಾಮಗಾರನೇ! ಬದಲಿ ಮಾಸ್ತರನನ್ನು ಇಟ್ಟ ಸರಕಾರವು ಬದಲಿ ವಿದ್ಯಾರ್ಥಿಯನ್ನು ಕಂಡು ಹೌಹಾರುವದು ಹಾಸ್ಯಾಸ್ಪದ.

ಎರಡು ಆಕ್ಷೇಪಗಳು

"ಆ ಅಸೈನ್‌ಮೆಂಟುಗಳೇ ನಿಷ್ಪ್ರಯೋಜಕ; ಪುಸ್ತಕ ನೋಡಿ ಇಳಿಸುವ ಕೆಲಸ. ಯಾರು ಬರೆದರೇನು?" ಎಂದು ಹುಡುಗರು ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ಅಂದವಾಗಿ ನಕಲು ಮಾಡಿಸುವ ಜರ್ನಲಿನಿಂದ ಯಾರಿಗೂ ಉಪಯೋಗವಿಲ್ಲ. ಹಾಗಿದ್ದರೆ ಅದನ್ನು ರದ್ದು ಮಾಡಿರೆಂದು ಹುಡುಗರು ಒಟ್ಟಾಗಿ ಕೇಳಬೇಕು. ನಾವೂ ಅವರ ಬೆನ್ನಿಗೆ ನಿಲ್ಲುತ್ತೇವೆ. ಕೆಟ್ಟ ಪದ್ಧತಿಯ ವಿರುದ್ಧ ಹೋರಾಡುವದು ಗಂಡಸುತನ, ಹೆಂಗಸುತನ ಎರಡಕ್ಕೂ ಶೋಭೆ. ಅದರಿಂದ ಹಣ ಕೊಟ್ಟು ತಪ್ಪಿಸಿಕೊಳ್ಳುವದು ಲಂಚದ ಬುದ್ಧಿ. ದುಡ್ಡಿದ್ದವನು ತಪ್ಪಿಸಿಕೊಂಡ ಮೇಲೆ ಪದ್ಧತಿ ಬದಲಾಗಬೇಕೆಂದು ಕೂಗುವವರು ಯಾರು ಉಳಿಯುತ್ತಾರೆ?

"ನಮ್ಮ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ?" ಎಂದು ಝೆರಾಕ್ಸ್ ಅಂಗಡಿಯವರೂ ಟೈಪಿಂಗಿನವರೂ ಕೇಳಬಹುದು. ಅವರು ನಮ್ಮ ಓದುಗರು. ಅವರೊಡನೆ ನಾವು ನೇರವಾಗಿ ಮಾತಾಡುತ್ತೇವೆ. ಹುಡುಗನು ಬರೆದು ತಂದುದನ್ನು ಟೈಪು ಮಾಡುವದು, ಮುದ್ರಿಸುವದು, ಬೈಂಡು ಹಾಕುವದು ಪ್ರಾಮಾಣಿಕ ಕಸಬು. ಅದಕ್ಕೆ ತಕ್ಕ ಕೂಲಿ ಕೇಳಿರಿ, ಯಾರೂ ಬೇಡವೆನ್ನರು. ಬರೆದು ತಾರದವನಿಗೆ ಕಪಾಟಿನಿಂದ ಹಳೆಯ ಪ್ರಾಜೆಕ್ಟ್ ತೆಗೆದು ಹೆಸರು ಬದಲಿಸಿ ಕೊಡುವದು ಬೇರೆ. ಅದು ತೂಕದಲ್ಲಿ ಮೋಸ ಮಾಡಿದಂತೆಯೇ. ಗಿರಾಕಿ ತಾನಾಗಿ ಕೇಳಿದನೆಂದು ಬೇಳೆಯಲ್ಲಿ ಹರಳು ಬೆರೆಸುತ್ತೀರಾ? ದೊಡ್ಡ ದಲಾಲನು ಫೋನಿನ ಹಿಂದೆ, ಬೇರೆ ಊರಿನಲ್ಲಿ ಅಡಗಿರುತ್ತಾನೆ; ಕಾಯದೆ ಬಂದ ದಿನ ಪೋಲೀಸನ ಕೈಗೆ ಮೊದಲು ಸಿಕ್ಕುವದು ರಸ್ತೆಯ ಮೇಲಿನ ಸಣ್ಣ ಅಂಗಡಿ. ಅದಕ್ಕೇ ಹೇಳುತ್ತೇವೆ, ಈಗಲೇ ಕೈ ತೊಳೆದುಕೊಳ್ಳಿರಿ.

ನಷ್ಟ ಯಾರಿಗೆ?

ಈ ವ್ಯಾಪಾರದ ಕೊನೆಯ ಲೆಕ್ಕವನ್ನು ಹಾಕೋಣ. ಬಂಡವಾಳಗಾರನ ಮಗನಿಗೆ ಪದವಿ ಒಂದು ಅಲಂಕಾರ. ಅದು ಹುಸಿಯಾದರೂ ಅವನಿಗೆ ತಂದೆಯ ಕಾರಖಾನೆಯಿದೆ, ಮಾವನ ಪರಿಚಯವಿದೆ. ಕಾಮಗಾರನ ಮಗಳಿಗೆ, ಕಿರಾಣಿ ಅಂಗಡಿಯವನ ಮಗನಿಗೆ ಪದವಿಯೊಂದೇ ಬಂಡವಾಳ. ಪೇಟೆಯಲ್ಲಿ ಖೊಟ್ಟಿ ನಾಣ್ಯ ಹೆಚ್ಚಾದರೆ ಜನ ಒಳ್ಳೆಯ ನಾಣ್ಯವನ್ನೂ ಕಲ್ಲಿಗೆ ಬಡಿದು ನೋಡುತ್ತಾರೆ. ಕೊಂಡ ಪದವಿಗಳು ಹೆಚ್ಚಾದಂತೆ ನೌಕರಿ ಕೊಡುವವನು ಈ ಭಾಗದ ಪದವಿಗಳನ್ನೆಲ್ಲ ಸಂಶಯದಿಂದ ನೋಡಲಾರಂಭಿಸುತ್ತಾನೆ. ಆಗ ರಾತ್ರಿ ನಿದ್ದೆಗೆಟ್ಟು ತಾನೇ ಬರೆದ ಹುಡುಗಿಯ ಅರ್ಜಿಯೂ ಬುಟ್ಟಿಗೆ ಬೀಳುತ್ತದೆ. ಕೊಂಡವನ ಪಾಪವನ್ನು ಕೊಳ್ಳದವಳು ತೀರಿಸುತ್ತಾಳೆ.

ಇನ್ನೊಂದು ನಷ್ಟ ಎಲ್ಲರದು. ಪಾಠಟಿಪ್ಪಣಿ ಕೊಂಡು ಬಿ.ಎಡ್. ಮುಗಿಸಿದವನು ನಾಳೆ ನಿಮ್ಮ ಮೊಮ್ಮಗನ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುತ್ತಾನೆ. ಪ್ರಾಜೆಕ್ಟ್ ಕೊಂಡ ಇಂಜಿನಿಯರನು ನೀವು ನಡೆಯುವ ಸೇತುವೆಯ ನಕಾಶೆಗೆ ಸಹಿ ಹಾಕುತ್ತಾನೆ. ಸೇತುವೆಯ ಮೇಲೆ ಮಾರ್ಕಿನ ಭಾರ ಬೀಳುವದಿಲ್ಲ. ಬಸ್ಸಿನ ಭಾರ ಬೀಳುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಅನುದಾನ ಆಯೋಗವು ತನ್ನ ನಿಯಮಗಳಲ್ಲಿ ಹೊರಗಿಟ್ಟ ಅಸೈನ್‌ಮೆಂಟು, ಪ್ರಾಜೆಕ್ಟುಗಳನ್ನು ಒಳಗೆ ತರಲಿ, ಶಿಕ್ಷೆ ಹದವಾಗಿರಲಿ. ರಾಜ್ಯ ಸರಕಾರವು ಬರವಣಿಗೆ ಮಾರುವ ಕಂಪನಿಗಳನ್ನೂ ಅವುಗಳ ಜಾಹೀರಾತುಗಳನ್ನೂ ಕಾಯದೆಯಿಂದ ನಿಲ್ಲಿಸಲಿ. ಕೈ ಮೊದಲು ದೊಡ್ಡ ದಲಾಲನ ಕೊರಳಿಗೆ ಬೀಳಲಿ. ನಮ್ಮ ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಪ್ರತಿಯೊಂದು ಪ್ರಾಜೆಕ್ಟಿಗೆ ಎದುರಾಬದುರು ಪ್ರಶ್ನೋತ್ತರವನ್ನು, ಅದೂ ಕನ್ನಡದಲ್ಲಿ, ಕಡ್ಡಾಯ ಮಾಡಲಿ. ಬರೆಯಲು ಕಷ್ಟವಾದ ಮಕ್ಕಳಿಗೆ ಸಂಜೆ ಎರಡು ತಾಸು ಬಿಟ್ಟಿಯಾಗಿ ತಿದ್ದಿ ಕಲಿಸುವ ಕೋಣೆಯೊಂದು ಪ್ರತಿ ಕಾಲೇಜಿನಲ್ಲಿರಲಿ. ಇಂದು ಕದ್ದು ಬರೆಯುತ್ತಿರುವ ನಿರುದ್ಯೋಗಿ ಪದವೀಧರರನ್ನೇ ಅಲ್ಲಿ ಪಗಾರ ಕೊಟ್ಟು ನೇಮಿಸಲಿ. ಅತಿಥಿ ಉಪನ್ಯಾಸಕರ ಕೆಲಸ ಕಾಯಂ ಆಗಲಿ.

ಪಾಲಕರಿಗೂ ಒಂದು ಮಾತು. ಮಗನು "ಪ್ರಾಜೆಕ್ಟಿಗೆ ದುಡ್ಡು ಬೇಕು" ಎಂದು ಕೇಳಿದಾಗ ಕಿಸೆಗೆ ಕೈ ಹಾಕುವ ಮೊದಲು ಯಾವುದರ ಮೇಲೆ ಬರೆಯುತ್ತಿದ್ದೀ ಎಂದು ಕೇಳಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ನಿಮಗೆ ತಿಳಿಯುವಂತೆ ಹೇಳೆನ್ನಿರಿ. ಹೇಳಬಲ್ಲವನಾದರೆ ಹಾಳೆಗೆ, ಮಸಿಗೆ, ಬೈಂಡಿಂಗಿಗೆ ದುಡ್ಡು ಕೊಡಿರಿ. ಹೇಳಲಾರದವನಾದರೆ ದುಡ್ಡು ಕೊಡಬೇಡಿರಿ; ಹೊತ್ತು ಕೊಡಿರಿ, ಕುಳಿತು ಬರೆಯಲು ಮನೆಯಲ್ಲೊಂದು ಮೂಲೆ ಕೊಡಿರಿ. ಸಂಘದ ಸಭೆಯಲ್ಲಿ ಈ ಮಾತನ್ನೆತ್ತಿರಿ. ನಿಮ್ಮ ಮಕ್ಕಳ ಕಾಲೇಜಿನ ಪಾಲಕರ ಸಭೆಗೆ ಒಂದು ದಿನದ ರಜೆ ಹಾಕಿಯಾದರೂ ಹೋಗಿರಿ. ಫೀ ಕೊಡುವವರು ಪ್ರಶ್ನೆ ಕೇಳಲು ಹೆದರಬೇಕಾಗಿಲ್ಲ.